ಹೆಲ್ಪರ್ ಕಾಲಮ್‌ನಿಂದ ಟೆಕ್ನಿಷಿಯನ್ ಕಾಲಮ್‌ಗೆ

(ಸಂಘಟನೆಯ ವಾರ್ಷಿಕ ಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ)





ಊಟಕ್ಕೆ ಮೊದಲು ಶಿಕ್ಷಣ ಸಮಿತಿಯವರು ಮಾತನಾಡುವುದು ನಮ್ಮ ವಾಡಿಕೆ. ಬಿರಿಯಾನಿಯ ಪರಿಮಳ ಬರುತ್ತಿರುವಾಗ ಲೆಕ್ಕ ಕೇಳುವುದು ಕಷ್ಟ, ನಮಗೂ ಗೊತ್ತುಂಟು. ಆದರೆ ಈ ಸಲ ಒಪ್ಪಿಸುವುದಕ್ಕೆ ಲೆಕ್ಕದ ಜೊತೆ ಒಂದು ತಪ್ಪೊಪ್ಪಿಗೆಯೂ ಉಂಟು, ಒಂದು ಬೇಡಿಕೆಯೂ ಉಂಟು. ಅದಕ್ಕಾಗಿ ಸ್ವಲ್ಪ ತಾಳ್ಮೆ ಬೇಕು.

ಮೊದಲು ಲೆಕ್ಕ. ಸಮಿತಿಯಲ್ಲಿ ನಮ್ಮಂಥ ಅಕೌಂಟೆಂಟ್‌ಗಳು ಮೂರು ನಾಲ್ಕು ಮಂದಿ ಇದ್ದೇವೆ. ತಿಂಗಳ ಕೊನೆಯಲ್ಲಿ ಸಂಬಳದ ಪಟ್ಟಿ ಮಾಡುವುದು ನಮ್ಮ ಕೆಲಸ. ಪಟ್ಟಿಯಲ್ಲಿ ಹೆಸರಿನ ಪಕ್ಕ ಒಂದು ಕಾಲಮ್ ಇರುತ್ತದೆ, ಹುದ್ದೆ ಎಂದು. ಅಲ್ಲಿ 'ಹೆಲ್ಪರ್' ಎಂದಿದ್ದರೆ ಒಂದು ಸಂಬಳ, 'ಟೆಕ್ನಿಷಿಯನ್' ಎಂದಿದ್ದರೆ ಇನ್ನೊಂದು. ಇಬ್ಬರೂ ಒಂದೇ ಬಿಸಿಲಿನಲ್ಲಿ ಒಂದೇ ಛಾವಣಿಯ ಮೇಲೆ ಒಂದೇ ಎಸಿ ಯಂತ್ರವನ್ನು ಬಿಚ್ಚುತ್ತಿರುತ್ತಾರೆ. ಎಷ್ಟೋ ಸಲ ಹೆಲ್ಪರ್‌ಗೇ ಕೆಲಸ ಹೆಚ್ಚು ಗೊತ್ತಿರುತ್ತದೆ. ಆದರೆ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಕಾಲಮ್ ಮಾತ್ರ.

ಒಂದು ಲೆಕ್ಕ ಹಿಡಿಯೋಣ. ಇಬ್ಬರ ನಡುವೆ ತಿಂಗಳಿಗೆ 600 ರಿಯಾಲ್ ವ್ಯತ್ಯಾಸ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 7,200. ಒಬ್ಬ ಮನುಷ್ಯ ಇಲ್ಲಿ 20 ವರ್ಷ ದುಡಿದರೆ 1,44,000 ರಿಯಾಲ್. ರಿಯಾಲ್‌ಗೆ 22 ರೂಪಾಯಿ ಹಿಡಿದರೂ 31 ಲಕ್ಷ ದಾಟಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಸೌದಿ ಕಾರ್ಮಿಕ ಕಾನೂನಿನಂತೆ ಕೆಲಸ ಬಿಡುವಾಗ ಸಿಗುವ ಸರ್ವಿಸ್ ಹಣ ಮೊದಲ ಐದು ವರ್ಷಕ್ಕೆ ತಲಾ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. 20 ವರ್ಷಕ್ಕೆ ಹದಿನೇಳೂವರೆ ತಿಂಗಳು. ಅಲ್ಲಿಯೂ 10,500 ರಿಯಾಲ್ ಕಡಿಮೆ. ಒಂದು ಸಾಧಾರಣ ಮನೆ, ಇಲ್ಲವೇ ಇಬ್ಬರು ಹೆಣ್ಣುಮಕ್ಕಳ ಮದುವೆ, ಇಲ್ಲವೇ ಊರಿಗೆ ಐದಾರು ವರ್ಷ ಮೊದಲೇ ಹೋಗಿ ಉಮ್ಮನ ಹತ್ತಿರ ಕುಳಿತುಕೊಳ್ಳುವ ಭಾಗ್ಯ. ಆ ಒಂದು ಕಾಲಮ್‌ನ ಬೆಲೆ ಇದು.

ಆ ಕಾಲಮ್ ನಿರ್ಧಾರವಾಗುವುದು ಇಲ್ಲಿ ಅಲ್ಲ. ಅದು ನಿರ್ಧಾರವಾಗುವುದು ಊರಿನಲ್ಲಿ, ಹುಡುಗನಿಗೆ ಹದಿನೈದು ಹದಿನಾರು ವರ್ಷ ಇರುವಾಗ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಆ ಎರಡು ವಾರಗಳಲ್ಲಿ.

ನಮ್ಮ ಮನೆಗಳಲ್ಲಿ ಆ ಎರಡು ವಾರ ಎಂತ ನಡೆಯುತ್ತದೆ, ಎಲ್ಲರಿಗೂ ಗೊತ್ತು. ಒಳ್ಳೆ ಮಾರ್ಕು ಬಂದರೆ ಪಿಯುಸಿ ಸೈನ್ಸ್. ಸ್ವಲ್ಪ ಕಡಿಮೆ ಬಂದರೆ ಕಾಮರ್ಸ್. ತೀರಾ ಕಡಿಮೆ ಬಂದರೆ, 'ಪಾಸಾಯ್ತಲ್ಲ, ಪಾಸ್‌ಪೋರ್ಟಿಗೆ ಇಸಿಆರ್ ಬೀಳುವುದಿಲ್ಲ, ಹದಿನೆಂಟು ತುಂಬಲಿ, ಮಾವನಿಗೆ ಹೇಳಿ ಒಂದು ವೀಸಾ ನೋಡುವ.' ಈ ಮೂರು ದಾರಿ ಬಿಟ್ಟು ನಾಲ್ಕನೆಯದು ಉಂಟು ಎಂದು ಹೇಳುವವರು ಮನೆಯಲ್ಲಿ ಇರುವುದಿಲ್ಲ. ಉಪ್ಪ ಇಲ್ಲಿರುತ್ತಾರೆ, ಫೋನಿನಲ್ಲಿ. ಉಮ್ಮ ಯಾರ ಹತ್ತಿರ ಕೇಳಬೇಕು? ಹಾಗೆ ಒಂದು ಜೀವನದ ಲೆಕ್ಕ ಹತ್ತು ನಿಮಿಷದ ವಾಟ್ಸ್‌ಆ್ಯಪ್ ಕರೆಯಲ್ಲಿ ಮುಗಿದುಹೋಗುತ್ತದೆ.

ಇನ್ನು ನಮ್ಮ ತಪ್ಪೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಮಿತಿಗೆ ಒಂದು ಅರ್ಜಿ ಬಂತು. ತಂದೆ ಇಲ್ಲದ ಹುಡುಗ. ತಾಯಿ ಬೀಡಿ ಕಟ್ಟುತ್ತಾರೆ. ಎಸ್ಸೆಸ್ಸೆಲ್ಸಿ ಪಾಸು, ಎಸಿ ಮೆಕ್ಯಾನಿಕ್ ಕಲಿಯುವ ಆಸೆ. ಒಂದು ಖಾಸಗಿ ಸಂಸ್ಥೆಯಲ್ಲಿ ಸೀಟು ಹಿಡಿದಿದ್ದ. ನಮಗೆ ಸಂತೋಷವಾಯಿತು. ಡಾಕ್ಟರು ಎಂಜಿನಿಯರು ಬಿಟ್ಟು ಬೇರೆ ಕೋರ್ಸಿಗೆ ಬಂದ ಅರ್ಜಿಗಳೇ ಕಡಿಮೆ, ಇವನಿಗೆ ಕೊಡಲೇಬೇಕು ಎಂದು ಎರಡು ವರ್ಷದ ಪೂರ್ತಿ ಫೀಸು ಕೊಟ್ಟೆವು. ಪತ್ರಿಕೆಯಲ್ಲಿ ಫೋಟೋ ಕೂಡ ಹಾಕಿಕೊಂಡೆವು.

ಎರಡು ವರ್ಷ ಮುಗಿಯಿತು. ಹುಡುಗನ ಕೈಗೆ ಬಣ್ಣದ ಸರ್ಟಿಫಿಕೇಟು ಬಂತು, ಬಂಗಾರದ ಸೀಲು ಬೇರೆ. ಇಲ್ಲಿಯ ಒಂದು ಕಂಪೆನಿಯಲ್ಲಿ ಟೆಕ್ನಿಷಿಯನ್ ಕೆಲಸಕ್ಕೆ ಕಾಗದಪತ್ರ ಕಳಿಸಿದಾಗ ವಿಷಯ ಹೊರಗೆ ಬಂತು. ಅದು ಎನ್‌ಸಿವಿಟಿ ಸರ್ಟಿಫಿಕೇಟ್ ಅಲ್ಲ. ಆ ಸಂಸ್ಥೆಗೆ ಆ ಟ್ರೇಡಿನಲ್ಲಿ ಮಾನ್ಯತೆಯೇ ಇರಲಿಲ್ಲ. ಸರ್ಟಿಫಿಕೇಟು ಅಟೆಸ್ಟ್ ಆಗಲಿಲ್ಲ. ಕೊನೆಗೆ ಆ ಹುಡುಗ ಬಂದದ್ದು ಹೆಲ್ಪರ್ ವೀಸಾದಲ್ಲಿ. ಅದಕ್ಕೆ ಉಮ್ಮನ ಎರಡು ಬಳೆ ಬ್ಯಾಂಕಿನಲ್ಲಿ ಅಡವು.

ಅವನು ಒಂದು ಶುಕ್ರವಾರ ನಮ್ಮನ್ನು ನೋಡಲು ಬಂದಿದ್ದ. ದೂರು ಹೇಳಲು ಅಲ್ಲ, ಥ್ಯಾಂಕ್ಸ್ ಹೇಳಲು. 'ಕಾಕ, ನೀವು ದುಡ್ಡು ಕೊಟ್ಟಿದ್ದೀರಿ, ಮರೆಯುವುದಿಲ್ಲ' ಎಂದ. ಆ ಥ್ಯಾಂಕ್ಸು ತೆಗೆದುಕೊಳ್ಳುವುದಕ್ಕೆ ನಮಗೆ ಮುಖ ಇರಲಿಲ್ಲ ಸಹೋದರರೇ. ದಿನಾ ಬಿಲ್ಲು ವೋಚರ್ ಪರೀಕ್ಷೆ ಮಾಡುವವರು ನಾವು. ಹತ್ತು ರಿಯಾಲ್‌ನ ಟ್ಯಾಕ್ಸಿ ರಸೀದಿಗೂ ಸಹಿ ಎಲ್ಲಿ ಎಂದು ಕೇಳುವವರು. ಒಬ್ಬ ಹುಡುಗನ ಎರಡು ವರ್ಷವನ್ನು ಆಡಿಟ್ ಮಾಡದೆ ಬಿಟ್ಟೆವು. ಆ ಸಂಸ್ಥೆಗೆ ಮಾನ್ಯತೆ ಉಂಟೇ ಎಂದು ಊರಿಗೆ ಒಂದು ಫೋನು ಮಾಡಿ ವಿಚಾರಿಸಿದ್ದರೆ ಸಾಕಿತ್ತು.

ಅಂದಿನಿಂದ ಈ ವಿಷಯವನ್ನು ನಾವು ಕೂತು ಓದಿದೆವು, ರಜೆಯಲ್ಲಿ ಹೋದಾಗ ಊರಿನ ಐಟಿಐ ಪಾಲಿಟೆಕ್ನಿಕ್‌ಗಳಿಗೆ ಹೋಗಿ ಕೇಳಿದೆವು. ಗೊತ್ತಾದದ್ದನ್ನು ಇಲ್ಲಿ ಹೇಳುತ್ತೇವೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಕೈಕೆಲಸದ ವಿದ್ಯೆಗೆ ನಮ್ಮ ಜಿಲ್ಲೆಯಲ್ಲಿ ಮುಖ್ಯವಾಗಿ ಮೂರು ಬಾಗಿಲು. ಒಂದು ಐಟಿಐ. ಎಲೆಕ್ಟ್ರಿಷಿಯನ್, ಫಿಟ್ಟರ್, ಎಸಿ ಮತ್ತು ರೆಫ್ರಿಜರೇಷನ್, ಮೋಟಾರು ವಾಹನದ ಮೆಕ್ಯಾನಿಕ್, ಇವೆಲ್ಲ ಎರಡು ವರ್ಷದವು. ವೆಲ್ಡರ್, ಪ್ಲಂಬರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷದವು. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಸರ್ಕಾರಿ ಐಟಿಐಯಲ್ಲಿ ಫೀಸು ಒಂದು ಹೊರೆಯೇ ಅಲ್ಲ. ಎರಡನೆಯದು ಪಾಲಿಟೆಕ್ನಿಕ್, ಮೂರು ವರ್ಷದ ಡಿಪ್ಲೊಮಾ. ಮಂಗಳೂರು ಕದ್ರಿಯ ಕೆಪಿಟಿ 1946ರಿಂದ ಉಂಟು, ಸ್ವಾತಂತ್ರ್ಯಕ್ಕಿಂತ ಹಳೆಯದು. ಹೆಣ್ಣುಮಕ್ಕಳಿಗೆಂದೇ ಬೊಂದೇಲಿನಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಉಂಟು. ಮೂರನೆಯದು ಜಿಟಿಟಿಸಿ. ಇದು 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಬೈಕಂಪಾಡಿಯಲ್ಲಿ ಅದರ ಕೇಂದ್ರ ಉಂಟು. ಅಲ್ಲಿಯ ಟೂಲ್ ಆ್ಯಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿಕೆ, ನಾಲ್ಕನೆಯ ವರ್ಷ ಫ್ಯಾಕ್ಟರಿಯಲ್ಲೇ ತರಬೇತಿ. ಎಷ್ಟು ಬಸ್ಸುಗಳು ದಿನಾ ಆ ಗೇಟಿನ ಮುಂದೆ ಹೋಗುತ್ತವೆ! ಅದರೊಳಗೆ ಕುಳಿತ ನಮ್ಮ ಮಕ್ಕಳಿಗೆ ಒಳಗೆ ಎಂತ ಉಂಟು ಎಂದು ಗೊತ್ತಿಲ್ಲ.

'ಐಟಿಐಗೆ ಹೋದರೆ ಓದು ಅಲ್ಲಿಗೆ ಮುಗಿಯಿತು' ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿ ಉಂಟು. ಡಿಪ್ಲೊಮಾ ಆದವರು ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ಕಷ್ಟ ಬಂದರೆ ಮಧ್ಯದಲ್ಲಿ ಇಳಿಯಬಹುದು, ಇಳಿದಾಗಲೂ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಪಿಯುಸಿ ಸೈನ್ಸಿನಲ್ಲಿ ಫೇಲಾಗಿ ಇಳಿದ ಹುಡುಗನ ಕೈಯಲ್ಲಿ ಎಂತ ಇರುತ್ತದೆ?

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರೋಣ. ಕೈಕೆಲಸದ ವಿದ್ಯೆ ಶಾಲೆ ಒಂದರಿಂದಲೇ ಬರುವುದಿಲ್ಲ, ಕಾರ್ಖಾನೆ ಒಂದರಿಂದಲೇ ಬರುವುದೂ ಇಲ್ಲ. ಎರಡೂ ಕೈ ಹಿಡಿಯಬೇಕು. ಜರ್ಮನಿಯಲ್ಲಿ ಇದು ದೇಶದ ಪದ್ಧತಿಯೇ ಆಗಿದೆ, 1969ರಿಂದ ಅದಕ್ಕೆ ಪ್ರತ್ಯೇಕ ಕಾನೂನು ಉಂಟು. ಅಲ್ಲಿ ಹುಡುಗ ಕಂಪೆನಿಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕುತ್ತಾನೆ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪೆನಿಯಲ್ಲಿ ಕಲಿಕೆ, ಅದಕ್ಕೆ ಭತ್ಯೆ. ಪರೀಕ್ಷೆ ಮಾಡುವುದು ಶಾಲೆಯೂ ಅಲ್ಲ, ಕಂಪೆನಿಯೂ ಅಲ್ಲ, ವಾಣಿಜ್ಯ ಸಂಘ. ಹಾಗಾಗಿ ಸರ್ಟಿಫಿಕೇಟಿಗೆ ಬೆಲೆ.

ನಮ್ಮ ದೇಶದಲ್ಲೂ ಆ ಮಾದರಿ ಬಂದಿದೆ. ಐಟಿಐಗಳಲ್ಲಿ ದ್ವಿಮುಖ ತರಬೇತಿ ಎಂದು 2016ರಲ್ಲಿ ಶುರುವಾಯಿತು. ಐಟಿಐ ಮತ್ತು ಕಾರ್ಖಾನೆ ಒಪ್ಪಂದ ಮಾಡಿಕೊಂಡು ಪಾಠ ಒಂದು ಕಡೆ, ಕೆಲವು ತಿಂಗಳ ಅಭ್ಯಾಸ ಇನ್ನೊಂದು ಕಡೆ. ಕರ್ನಾಟಕದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದ್ದಾರೆ, 2022ರಲ್ಲಿ ಅದರ ಉದ್ಘಾಟನೆಯಾಯಿತು. ಹೈಸ್ಕೂಲಿನಲ್ಲೇ ರುಚಿ ತೋರಿಸುವ ವ್ಯವಸ್ಥೆಯೂ ಉಂಟು. ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಐಟಿ, ಆಟೊಮೊಬೈಲ್, ರಿಟೇಲ್, ಆರೋಗ್ಯ ಸೇವೆ ಇಂಥ ವೃತ್ತಿ ವಿಷಯಗಳನ್ನು ಎನ್‌ಎಸ್‌ಕ್ಯುಎಫ್ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ನಿಮ್ಮೂರಿನ ಶಾಲೆಯಲ್ಲಿ ಉಂಟಾ ಎಂದು ಕೇಳಿದ್ದೀರಾ? ನಾವೂ ಕೇಳಿರಲಿಲ್ಲ.

ಇನ್ನೊಂದು ಬಹಳ ಮುಖ್ಯವಾದದ್ದು ಅಪ್ರೆಂಟಿಸ್. 1961ರ ಕಾನೂನು, 2019ರಲ್ಲಿ ನಿಯಮ ಬದಲಾಯಿತು. 30 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನ ಇರುವವರು ಬೇಕಾದರೆ ತೆಗೆದುಕೊಳ್ಳಬಹುದು. ಇಲ್ಲಿ ಕುಳಿತವರಲ್ಲಿ, ನಿಮ್ಮ ಅಣ್ಣತಮ್ಮಂದಿರಲ್ಲಿ, ಊರಿನಲ್ಲಿ ಗ್ಯಾರೇಜು, ವರ್ಕ್‌ಶಾಪು, ಎಸಿ ಸರ್ವಿಸ್, ಅಲ್ಯೂಮಿನಿಯಂ ಕೆಲಸ ಇಟ್ಟವರು ಎಷ್ಟು ಮಂದಿ ಇದ್ದೀರಿ! ನಾಲ್ಕು ಜನ ಇದ್ದರೆ ನೀವೂ ಈ ಲೆಕ್ಕದಲ್ಲಿ ಬರುತ್ತೀರಿ. ಅಪ್ರೆಂಟಿಸ್‌ಗೆ ಕೊಡುವ ಭತ್ಯೆಯಲ್ಲಿ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಉಂಟು. ಹುಡುಗ ಅದನ್ನು ಮುಗಿಸಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್.

ಇದು ನಮಗೆ ಹೊಸದೂ ಅಲ್ಲ. ಬ್ಯಾರಿಗಳು ವ್ಯಾಪಾರ ಕಲಿತದ್ದು ಯಾವ ಕಾಲೇಜಿನಲ್ಲಿ? ಮಾವನ ಅಂಗಡಿಯಲ್ಲಿ ಮೊದಲು ನೆಲ ಗುಡಿಸಿ, ಆಮೇಲೆ ತಕ್ಕಡಿ ಹಿಡಿದು, ಆಮೇಲೆ ಗಲ್ಲಾ ಪೆಟ್ಟಿಗೆಯ ಹತ್ತಿರ ಕುಳಿತು ಕಲಿತದ್ದು. ಅದೂ ಅಪ್ರೆಂಟಿಸ್ ತಾನೆ? ಒಂದೇ ಕೊರತೆ, ಅದಕ್ಕೆ ಕಾಗದ ಇರಲಿಲ್ಲ. ಕಾಗದ ಇಲ್ಲದಿದ್ದರೂ ಆಗ ನಡೆಯಿತು. ನಮ್ಮ ತಂದೆಯವರ ಕಾಲದಲ್ಲಿ, 1970ರ ದಶಕದಲ್ಲಿ, ಬೊಂಬಾಯಿ ದಾರಿಯಾಗಿ ಬಂದವರಿಗೆ ಇಲ್ಲಿ ಕೈಯೇ ಸರ್ಟಿಫಿಕೇಟು. ಇನ್ನು ಹಾಗೆ ನಡೆಯುವುದಿಲ್ಲ.

ಯಾಕೆ ನಡೆಯುವುದಿಲ್ಲ? ಸೌದಿ ಸರ್ಕಾರ 2021ರಲ್ಲಿ ಕೌಶಲ ಪರಿಶೀಲನೆ ಕಾರ್ಯಕ್ರಮ ಶುರುಮಾಡಿತು. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಟೆಕ್ನಿಷಿಯನ್, ವಾಹನದ ಎಲೆಕ್ಟ್ರಿಷಿಯನ್, ಈ ಹುದ್ದೆಗಳಿಗೆ ಭಾರತದಲ್ಲೇ ಪರೀಕ್ಷೆ ಆಗುತ್ತದೆ. ಕಂಪ್ಯೂಟರಿನಲ್ಲಿ ಪ್ರಶ್ನೆ ಬರುತ್ತದೆ, ಕೈಯಲ್ಲಿ ಕೆಲಸ ಮಾಡಿಯೂ ತೋರಿಸಬೇಕು. 2025ರಲ್ಲಿ ವಿದೇಶಿ ಕಾರ್ಮಿಕರ ವರ್ಕ್ ಪರ್ಮಿಟ್ಟನ್ನೇ ಮೂರು ದರ್ಜೆ ಮಾಡಿದರು. ಉನ್ನತ ಕೌಶಲ, ಕೌಶಲ, ಸಾಮಾನ್ಯ. ಓದು, ಅನುಭವ, ಕೌಶಲ, ಸಂಬಳ, ವಯಸ್ಸು ನೋಡಿ ದರ್ಜೆ. ಹೆಲ್ಪರ್ ಆಗಿ ಬಂದು ನಿಧಾನಕ್ಕೆ ಮೇಲೆ ಹತ್ತುವ ಹಳೆಯ ಏಣಿಯ ಮೆಟ್ಟಿಲು ಒಂದೊಂದಾಗಿ ಕಳಚುತ್ತಾ ಇದೆ.

ಹಾಗಂತ ಎಲ್ಲ ಹುಡುಗರೂ ಗಲ್ಫಿಗೇ ಬರಬೇಕು ಎಂದು ನಾವು ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಆಸೆ ಅದಕ್ಕೆ ವಿರುದ್ಧವಾದದ್ದು. ಪಣಂಬೂರಿನಲ್ಲಿ ಬಂದರು ಉಂಟು, ಎಂಆರ್‌ಪಿಎಲ್ ಉಂಟು, ಬೈಕಂಪಾಡಿಯಲ್ಲಿ ಇಡೀ ಕೈಗಾರಿಕಾ ಪ್ರದೇಶ ಉಂಟು. ನಿಜವಾದ ಸರ್ಟಿಫಿಕೇಟು ಇದ್ದವನು ಊರಿನಲ್ಲೇ ಕೆಲಸ ಹುಡುಕಬಹುದು, ರಾತ್ರಿ ಮನೆಯಲ್ಲಿ ಉಣ್ಣಬಹುದು. ಬರಬೇಕಾದರೂ ಬೇಕಾಗಿ ಬರುತ್ತಾನೆ, ಬೇರೆ ಗತಿಯಿಲ್ಲದೆ ಅಲ್ಲ. ನಮ್ಮಲ್ಲಿ ಹಲವರು ಮಕ್ಕಳ ಬಾಲ್ಯವನ್ನು ಫೋನಿನ ಪರದೆಯಲ್ಲಿ ನೋಡಿದವರು. ಮುಂದಿನ ತಲೆಮಾರಿಗಾದರೂ ಆಯ್ಕೆ ಇರಲಿ.

ಒಂದು ಆಕ್ಷೇಪ ಬರುತ್ತದೆ. ಹಿರಿಯರೊಬ್ಬರು ಸಮಿತಿಯಲ್ಲೇ ಕೇಳಿದ್ದರು. 'ನಾವು ಪೈಪು ಹಿಡಿದದ್ದು ಸಾಕಲ್ಲ, ನಮ್ಮ ಮಕ್ಕಳೂ ಹಿಡಿಯಬೇಕಾ?' ಇದನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. 48 ಡಿಗ್ರಿ ಬಿಸಿಲಿನಲ್ಲಿ ಪೈಪು ಹಿಡಿದವರ ಮಾತು ಅದು. ನಮ್ಮ ಉತ್ತರ ಇಷ್ಟೇ: ಓದುವ ಮನಸ್ಸು, ಮಾರ್ಕು ಇರುವ ಬಡ ಮಗುವನ್ನು 'ನಿನಗೆ ಐಟಿಐ ಸಾಕು' ಎಂದು ಕಳಿಸಿದರೆ ಅದು ಅನ್ಯಾಯ, ಅದಕ್ಕೆ ಈ ಸಂಘಟನೆ ಕೈಜೋಡಿಸಬಾರದು. ಆದರೆ ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಜೀವ ಇರುವ ಹುಡುಗನನ್ನು ಬಲವಂತವಾಗಿ ಸೈನ್ಸಿಗೆ ಹಾಕಿ, ಫೇಲಾದಾಗ ದಡ್ಡ ಎಂದು ಹೆಸರಿಟ್ಟು ಹೆಲ್ಪರ್ ಮಾಡುವುದೂ ಅನ್ಯಾಯವೇ. ದಾವೂದ್ ನಬಿಯವರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು, ಝಕರಿಯ್ಯ ನಬಿಯವರು ಬಡಗಿಯಾಗಿದ್ದರು ಎಂದು ಮದ್ರಸದಲ್ಲಿ ಕಲಿತವರು ನಾವು. ಕಲಿತದ್ದನ್ನು ಮಗನ ವಿಷಯ ಬಂದಾಗ ಮರೆಯುತ್ತೇವೆ.

ಇನ್ನು ನಮ್ಮ ಬೇಡಿಕೆ. ಕಳೆದ ವರ್ಷದವರೆಗೂ ವಿದ್ಯಾರ್ಥಿವೇತನದ ಬಹುಪಾಲು ದುಡ್ಡು ಎಂಜಿನಿಯರಿಂಗ್, ಮೆಡಿಕಲ್, ರ‍್ಯಾಂಕ್ ಬಂದವರ ಸನ್ಮಾನಕ್ಕೆ ಹೋಯಿತು. ಅದನ್ನು ನಿಲ್ಲಿಸಬೇಡಿ. ಆದರೆ ನಾಲ್ಕರಲ್ಲಿ ಒಂದು ಪಾಲನ್ನು ಹೈಸ್ಕೂಲು ಮಕ್ಕಳ ವೃತ್ತಿ ಶಿಕ್ಷಣಕ್ಕೆ ತೆಗೆದಿಡಲು ಈ ಸಭೆ ಒಪ್ಪಿಗೆ ಕೊಡಬೇಕು. ಅದರಲ್ಲಿ ನಾವು ಮಾಡಬೇಕೆಂದಿರುವುದು ಹೀಗೆ.

ಒಂದು, ಒಂದು ಹೈಸ್ಕೂಲು, ಒಂದು ಸರ್ಕಾರಿ ಐಟಿಐ, ನಮ್ಮವರ ಐದಾರು ವರ್ಕ್‌ಶಾಪು, ಇಷ್ಟರ ನಡುವೆ ಬರವಣಿಗೆಯ ಒಪ್ಪಂದ. ಮಕ್ಕಳನ್ನು ಆರಿಸುವುದು ಶಾಲೆ, ಕಲಿಸುವುದು ಐಟಿಐ, ಕೆಲಸದ ಜಾಗ ತೋರಿಸುವುದು ವರ್ಕ್‌ಶಾಪು. ಬಸ್ಸಿನ ದುಡ್ಡು, ಊಟ, ಸುರಕ್ಷಾ ಬೂಟು, ಟೂಲ್ ಬಾಕ್ಸ್ ನಮ್ಮದು. ಒಂದೇ ಶಾಲೆಯಿಂದ ಶುರುಮಾಡೋಣ. ಒಂದು ಸರಿಯಾದರೆ ಎರಡನೆಯದು.

ಎರಡು, ಒಂಬತ್ತನೇ ತರಗತಿಯಲ್ಲೇ ಮಕ್ಕಳನ್ನು ಐಟಿಐ, ಕೆಪಿಟಿ, ಜಿಟಿಟಿಸಿ ನೋಡಲು ಕರೆದುಕೊಂಡು ಹೋಗುವುದು, ಜೊತೆಯಲ್ಲಿ ಉಮ್ಮಂದಿರನ್ನೂ. ಮನೆಯಲ್ಲಿ ತೀರ್ಮಾನ ಮಾಡಬೇಕಾದವರು ಅವರು. ಹೆಣ್ಣುಮಕ್ಕಳನ್ನು ಬಿಟ್ಟು ಹೋಗುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಮಾರ್ಕು ತೆಗೆಯುವವರು ಅವರೇ.

ಮೂರು, ಇದು ನೋಡುವ, ಕಲಿಯುವ ಕಾರ್ಯಕ್ರಮ. ದುಡಿಸುವ ಕಾರ್ಯಕ್ರಮ ಅಲ್ಲ. ಹದಿನಾಲ್ಕರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು, ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು ಕಾನೂನು ಉಂಟು. ಕಲಿಯಲು ಬಂದ ಮಗುವಿನಿಂದ ವೆಲ್ಡಿಂಗ್ ಮಾಡಿಸಿದ ವರ್ಕ್‌ಶಾಪು ಯಾರದೇ ಆಗಿರಲಿ, ನಮ್ಮ ಅಧ್ಯಕ್ಷರದ್ದೇ ಆಗಿರಲಿ, ಆ ದಿನವೇ ಒಪ್ಪಂದ ರದ್ದು. (ಅಧ್ಯಕ್ಷರು ತಲೆಯಾಡಿಸುತ್ತಿದ್ದಾರೆ, ದಾಖಲಾಗಲಿ.)

ನಾಲ್ಕು, ನಾವು ಒಂದು ರೂಪಾಯಿ ಕೊಡುವ ಮೊದಲು ಸಂಸ್ಥೆಯ ಮಾನ್ಯತೆಯನ್ನು, ಅದೂ ಆ ನಿರ್ದಿಷ್ಟ ಟ್ರೇಡಿನ ಮಾನ್ಯತೆಯನ್ನು, ಇಬ್ಬರು ಬೇರೆ ಬೇರೆಯಾಗಿ ಪರಿಶೀಲಿಸಿ ಸಹಿ ಹಾಕಬೇಕು. ಕಟ್ಟಡ ನೋಡಿ ನಂಬುವುದು ಬೇಡ, ಜಾಹೀರಾತು ನೋಡಿ ನಂಬುವುದು ಬೇಡ. ಒಳಗೆ ಹೋಗಿ ಯಂತ್ರ ನಡೆಯುತ್ತದಾ ನೋಡಬೇಕು. ಬಳೆ ಅಡವಿಟ್ಟ ಆ ಉಮ್ಮನಿಗೆ ನಾವು ಕೊಡಬೇಕಾದ ಬಾಕಿ ಇದು.

ಐದು, ಐಟಿಐ ಮುಗಿಸಿದ ಹುಡುಗನಿಗೆ ವೀಸಾಕ್ಕೆ ಮೊದಲು ಊರಿನಲ್ಲಿ ಒಂದು ವರ್ಷ ಅಪ್ರೆಂಟಿಸ್. ಆ ಒಂದು ವರ್ಷ ಕಾಯುವುದು ಮನೆಯವರಿಗೆ ಕಷ್ಟ, ಗೊತ್ತುಂಟು. ಅದಕ್ಕೇ ಆ ವರ್ಷದ ಭತ್ಯೆಯ ಮೇಲೆ ಸ್ವಲ್ಪ ಕೈಹಿಡಿಯುವ ಹೊಣೆ ಸಂಘಟನೆ ಹೊರಬೇಕು.

ದುಡ್ಡು ಕೊಡಲಾಗದ ಸಹೋದರರು ಇಲ್ಲಿ ಬಹಳ ಮಂದಿ ಇದ್ದಾರೆ. ಅವರಿಂದ ಕೇಳುವುದು ಒಂದು ದಿನ. ರಜೆಯಲ್ಲಿ ಊರಿಗೆ ಹೋದಾಗ, ಅರುವತ್ತು ದಿನದಲ್ಲಿ ಒಂದು ದಿನ, ನಿಮ್ಮ ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಲ್ಲಿ. ಮ್ಯಾನೇಜರುಗಳು ಮಾತ್ರ ಅಲ್ಲ. ಫೋರ್‌ಮನ್ ಹೋಗಲಿ, ಚಿಲ್ಲರ್ ರಿಪೇರಿ ಮಾಡುವವರು ಹೋಗಲಿ, ಹೆಲ್ಪರ್ ಆಗಿಯೇ ಹದಿನೈದು ವರ್ಷ ಕಳೆದವರು ಖಂಡಿತ ಹೋಗಲಿ. ಸೆಂಟು, ಚಾಕಲೇಟಿನ ಪೆಟ್ಟಿಗೆ ನೋಡಿ ಬೆಳೆದ ಮಕ್ಕಳಿಗೆ ಸಂಬಳದ ಪಟ್ಟಿಯ ಆ ಕಾಲಮ್ ಬಗ್ಗೆ ನೀವೇ ಹೇಳಬೇಕು. ನಮ್ಮ ಮಾತಿಗಿಂತ ನಿಮ್ಮ ಮಾತು ಮಕ್ಕಳಿಗೆ ಹೋಗುತ್ತದೆ.

ಕೊನೆಯದಾಗಿ ಆ ಹುಡುಗನ ವಿಷಯ. ಅವನ ಒಪ್ಪಿಗೆ ತೆಗೆದುಕೊಂಡೇ ಇಷ್ಟು ಹೇಳಿದ್ದು. ಅವನು ಈಗಲೂ ಹೆಲ್ಪರ್. ರಾತ್ರಿ ಕ್ಯಾಂಪಿನಲ್ಲಿ ಕುಳಿತು ಕೌಶಲ ಪರೀಕ್ಷೆಗೆ ಓದುತ್ತಿದ್ದಾನೆ, ನಮ್ಮವರೇ ಒಬ್ಬ ಎಸಿ ಸೂಪರ್‌ವೈಸರ್ ಶುಕ್ರವಾರ ಹೇಳಿಕೊಡುತ್ತಿದ್ದಾರೆ. ಪಾಸಾಗುತ್ತಾನಾ, ಪಾಸಾದರೂ ಕಂಪೆನಿ ಹುದ್ದೆ ಬದಲಾಯಿಸುತ್ತದಾ, ಹೇಳಲು ಆಗುವುದಿಲ್ಲ. ಅವನ ತಮ್ಮ ಈಗ ಒಂಬತ್ತನೇ ತರಗತಿ. ಅಣ್ಣ ನಮ್ಮಲ್ಲಿ ಕೇಳಿದ್ದು ಒಂದೇ: 'ಕಾಕ, ಅವನನ್ನು ಸೇರಿಸುವಾಗ ಸರಿಯಾಗಿ ನೋಡಿ.'

ಸರಿಯಾಗಿ ನೋಡುತ್ತೇವೆ ಎಂದು ಮಾತು ಕೊಟ್ಟಿದ್ದೇವೆ. ಬಾಗಿಲ ಬಳಿ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದೆ. ಒಂದರಲ್ಲಿ ಊರಿನಲ್ಲಿ ವರ್ಕ್‌ಶಾಪು ಇರುವವರು ಹೆಸರು ಬರೆಯಿರಿ, ಇನ್ನೊಂದರಲ್ಲಿ ರಜೆಯ ಒಂದು ದಿನ ಕೊಡುವವರು. ಊಟಕ್ಕೆ ಹೋಗುವ ದಾರಿಯಲ್ಲೇ ಉಂಟು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಲ್ಲಾಹು ನಮ್ಮ ಮಕ್ಕಳ ಕೈಗೆ ವಿದ್ಯೆಯನ್ನೂ ದುಡಿಮೆಗೆ ಬರಕತ್ತನ್ನೂ ನೀಡಲಿ, ಆಮೀನ್. ವಸ್ಸಲಾಮ್.